ಅಕ್ಕನ ಮಗಳ ಮದುವೆ ಮಾತು ಮತ್ತು ನನ್ನ ಇಲಿಗಳು

ಅಕ್ಕ ಫೋನ್ ಮಾಡಿದಾಗ ನಾನು ಬೆಂಗಳೂರಿನ ನಮ್ಮ ಲ್ಯಾಬಿನ ಇಲಿಮನೆಯಲ್ಲಿದ್ದೆ. ಅಲ್ಲಿ ಫೋನ್ ಎತ್ತುವಂತಿಲ್ಲ. ಆದರೆ ಅಕ್ಕನ ಹೆಸರು ಕಂಡರೆ ನನಗೆ ಎದೆ ಧಸಕ್ ಎನ್ನುತ್ತದೆ, ಎಲ್ಲಿ ಬಿದ್ದಳೋ ಎಂದು. ಗ್ಲೌಸ್ ಕಿತ್ತು ಬಿಸಾಡಿ ಹೊರಗೆ ಓಡಿಬಂದೆ.

"ಬಿದ್ದಿಲ್ಲ ಕಣೇ, ಗಾಬರಿ ಬೀಳಬ್ಯಾಡ," ಎಂದಳು, ನಾನು ಬಾಯಿ ತೆರೆಯುವ ಮೊದಲೇ. ನನ್ನ ಬುದ್ಧಿ ಅವಳಿಗೆ ಗೊತ್ತು. "ಒಳ್ಳೆ ಸುದ್ದಿ ಐತೆ. ನಮ್ಮ ಹುಡುಗೀನ ಮನೆಗೇ ತಂದ್ಕೊತೀವಿ ಅಂತ ಅವನೇ ಬಾಯ್ಬಿಟ್ಟು ಕೇಳ್ದ. ಶೂನ್ಯಮಾಸ ಕಳೀಲಿ, ಸಂಕ್ರಾಂತಿ ಆದ್ಮೇಲೆ ಹೂ ಮುಡಿಸೋದು. ನೀನು ರಜಾ ಗಿಜಾ ಇಲ್ಲ ಅನ್ನಂಗಿಲ್ಲ."

ಅವನು ಎಂದರೆ ಅವಳ ತಮ್ಮ, ನನ್ನ ಅಣ್ಣ. ಅರಸೀಕೆರೆಯಲ್ಲಿ ಅಪ್ಪನ ಕೊಬ್ಬರಿ ಮಂಡಿಯನ್ನು ಈಗ ನಡೆಸುವವನು. ಅಣ್ಣನ ಮಗನಿಗೆ ಅಕ್ಕನ ಮಗಳು. ಸೋದರಮಾವನ ಮಗ, ಸೋದರತ್ತೆಯ ಮಗಳು. ನಮ್ಮ ಕಡೆ ಇದಕ್ಕಿಂತ ಒಪ್ಪುವ ಜೋಡಿ ಇನ್ನೊಂದಿಲ್ಲ, ಜಾತಕ ಕೂಡ ಯಾರೂ ಕೇಳುವುದಿಲ್ಲ. "ಒಳ್ಳೇದಾಯ್ತು ಬಿಡು," ಎಂದೆ. ಫೋನ್ ಇಟ್ಟ ಮೇಲೆ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ, ನೀರು ಕುಡಿದೆ, ಮತ್ತೆ ನಡೆದೆ. ಇಲಿಮನೆಗೆ ವಾಪಸ್ ಹೋಗಬೇಕೆನ್ನುವುದೇ ಮರೆತುಹೋಗಿತ್ತು.

ಯಾಕೆ ಎಂದು ಹೇಳಬೇಕಾದರೆ ಅಕ್ಕನ ಕಾಲಿನ ವಿಷಯ ಹೇಳಬೇಕು. ಮಗಳು ಹುಟ್ಟಿದ ಒಂದೆರಡು ವರ್ಷಕ್ಕೆ ಶುರುವಾಗಿದ್ದು. ಅಕ್ಕನನ್ನು ಕೊಟ್ಟಿದ್ದು ಹಳೇಬೀಡಿನ ಹತ್ತಿರದ ಮಾದಿಹಳ್ಳಿಗೆ. ಯಾರೋ ನೆಂಟರಿಗೆ ಗುಡಿ ತೋರಿಸಲು ಹಳೇಬೀಡಿಗೆ ಹೋಗಿದ್ದೆವು. ಮೇಲಿನ ಸಾಲಿನ ಕೆತ್ತನೆ ನೋಡಲು ಎಲ್ಲರೂ ತುದಿಗಾಲಲ್ಲಿ ನಿಂತರು. ಅಕ್ಕನಿಗೆ ಆಗಲಿಲ್ಲ. ಹಿಮ್ಮಡಿ ನೆಲ ಬಿಟ್ಟು ಏಳಲೇ ಇಲ್ಲ. ನಕ್ಕಳು, ನಾವೂ ನಕ್ಕೆವು. ಆಮೇಲೆ ಬಸ್ಸಿನ ಮೆಟ್ಟಿಲು, ಆಮೇಲೆ ಬಾವಿಕಟ್ಟೆ, ಆಮೇಲೆ ನೆಲದಿಂದ ಏಳುವುದು, ಒಂದೊಂದಾಗಿ ಕೈಬಿಟ್ಟವು. ಬಾಣಂತನ ನಮ್ಮ ಮನೆಯಲ್ಲಿ ಆಗಿದ್ದರಿಂದ ಊರೆಲ್ಲ ನಮ್ಮ ಅಮ್ಮನನ್ನೇ ಅಂದಿತು: ತಲೆಗೆ ಸರಿಯಾಗಿ ಬಟ್ಟೆ ಕಟ್ಟಲಿಲ್ಲ, ತಂಡಿ ಹಿಡಿಸಿದಳು, ಹೊಗೆ ಹಾಕಲಿಲ್ಲ. ಪಾಪ, ಅಮ್ಮ ಅದನ್ನೇ ನಂಬಿಕೊಂಡು ಸತ್ತಳು.

ಬಾಣಂತನವೂ ಅಲ್ಲ, ತಂಡಿಯೂ ಅಲ್ಲ. ನಮ್ಮ ಮಾಂಸಖಂಡ ಕೆಲಸ ಮಾಡಿದಾಗಲೆಲ್ಲ ಅಲ್ಲಲ್ಲಿ ಸ್ವಲ್ಪ ಹರಿಯುತ್ತದೆ. ಹರಿದ ಜಾಗಕ್ಕೆ ತೇಪೆ ಹಾಕುವ ಒಂದು ಪ್ರೋಟೀನ್ ಇದೆ. ಅಕ್ಕನ ಮೈಯಲ್ಲಿ ಅದು ಇಲ್ಲ. ಅದನ್ನು ಮಾಡುವ ಜೀನ್ ಪ್ರತಿಯೊಬ್ಬರಲ್ಲೂ ಎರಡಿರುತ್ತದೆ, ಅಪ್ಪನದೊಂದು, ಅಮ್ಮನದೊಂದು. ಒಂದು ಸರಿಯಿದ್ದರೂ ಸಾಕು, ಬದುಕು ಆರಾಮಾಗಿ ಸಾಗುತ್ತದೆ. ಅಕ್ಕನಿಗೆ ಎರಡೂ ಕೆಟ್ಟವೇ ಬಂದವು. ಬರದೇ ಏನು? ನಮ್ಮ ಅಪ್ಪ ಮದುವೆಯಾಗಿದ್ದು ತನ್ನ ಸ್ವಂತ ಅಕ್ಕನ ಮಗಳನ್ನು. ಇಬ್ಬರಿಗೂ ಒಂದೇ ಮನೆಯ ಕೆಟ್ಟ ಜೀನ್ ಬಂದಿತ್ತು, ಇಬ್ಬರಿಗೂ ಗೊತ್ತಿರಲಿಲ್ಲ, ಇಬ್ಬರೂ ಗಟ್ಟಿಮುಟ್ಟಾಗಿದ್ದರು.

ನಾನು ಈ ಕೆಲಸಕ್ಕೆ ಬಿದ್ದದ್ದೂ ಅಕ್ಕನಿಂದಲೇ. ಅದೇ ಪ್ರೋಟೀನ್ ಇಲ್ಲದ ಇಲಿಗಳು ನಮ್ಮ ಲ್ಯಾಬಿನಲ್ಲಿವೆ. ಎಳೆಯ ಇಲಿಯನ್ನು ನೋಡಿದರೆ ಯಾರೂ ಖಾಯಿಲೆ ಎನ್ನುವುದಿಲ್ಲ, ಪುಟಪುಟ ಓಡಾಡಿಕೊಂಡಿರುತ್ತದೆ. ತಿಂಗಳುಗಳು ಕಳೆದ ಮೇಲೆ ಹಿಂಗಾಲು ಸೋಲುತ್ತದೆ. ಆ ನಡುವಿನ ಹೊತ್ತಿನಲ್ಲಿ ಮಾಂಸದೊಳಗೆ ಬೇರೆ ಯಾವ ಯಾವ ಪ್ರೋಟೀನ್ ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ನೋಡುವುದು ನನ್ನ ಕೆಲಸ. ಮಾಂಸವನ್ನು ಅರೆದು, ಜೆಲ್ ಎನ್ನುವ ಲೋಳೆಯ ಹಾಳೆಯಲ್ಲಿ ಕರೆಂಟು ಕೊಟ್ಟು ಓಡಿಸಿ, ಬಣ್ಣ ಹಿಡಿಸಿದರೆ ಒಂದೊಂದು ಪ್ರೋಟೀನಿಗೂ ಒಂದೊಂದು ಕಪ್ಪು ಗೆರೆ ಮೂಡುತ್ತದೆ. ತೇಪೆಯ ಪ್ರೋಟೀನಿನ ಜಾಗ ಖಾಲಿ. ಉಳಿದವು ಸುಮ್ಮನಿರುವುದಿಲ್ಲ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಉಳಿದವರು ಎದ್ದು ಓಡಾಡುವ ಹಾಗೆ ಕೆಲವು ಉಬ್ಬುತ್ತವೆ, ಶಕ್ತಿ ಒದಗಿಸಬೇಕಾದವು ಸೊರಗುತ್ತವೆ, ಉರಿಯೂತದವು ಕರೆಯದೆ ಬಂದು ಕೂರುತ್ತವೆ. ಆ ಖಾಲಿ ಜಾಗವನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಮನೆಯವರಿಗೆ ಇದೆಲ್ಲ ತಮಾಷೆ. ಕೊಬ್ಬರಿ ಮಂಡಿಯವರಿಗೆ ಇಲಿಗಿಂತ ದೊಡ್ಡ ಶತ್ರು ಇಲ್ಲ. "ನಾವು ಇಲಿ ಸಾಯಿಸಕ್ಕೆ ಪಾಷಾಣ ತತ್ತೀವಿ, ಇವಳು ಇಲಿ ಸಾಕಿ ಸಂಬಳ ತಗತಾಳೆ. ಗಣೇಶ ಯಾರ ಪರ ಅಂತ ಅವನೇ ಹೇಳ್ಬೇಕು," ಎಂದು ಅಪ್ಪ ಇರುವ ತನಕ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಅಕ್ಕನ ಮಗಳಿಗೆ ಅಕ್ಕನಿಂದ ಒಂದು ಕೆಟ್ಟ ಜೀನ್ ಬಂದೇ ಬಂದಿದೆ. ಅಕ್ಕನ ಹತ್ತಿರ ಕೊಡಲು ಬೇರೆ ಏನಿತ್ತು? ಭಾವನದು ಹೊರಗಿನ ಸಂಬಂಧವಾದ್ದರಿಂದ ಅವಳು ಆರೋಗ್ಯವಾಗಿದ್ದಾಳೆ, ಹೊತ್ತಿದ್ದಾಳೆ ಅಷ್ಟೇ. ನನ್ನ ರಕ್ತವನ್ನು ಹಿಂದೆಯೇ ಪರೀಕ್ಷೆ ಮಾಡಿಸಿದ್ದೆ, ನಾನೂ ಒಂದನ್ನು ಹೊತ್ತಿದ್ದೇನೆ. ಅಣ್ಣ ಹೊತ್ತಿದ್ದಾನೋ, ಅವನ ಮಗನಿಗೆ ಕೊಟ್ಟಿದ್ದಾನೋ, ಯಾರಿಗೆ ಗೊತ್ತು? ಕೊಟ್ಟಿದ್ದರೆ ಈ ಮದುವೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಅಕ್ಕನ ಕಾಲು ಬರುವ ಸಂಭವ ನಾಲ್ಕರಲ್ಲಿ ಒಂದು. ಶೂನ್ಯಮಾಸ ಮುಗಿಯುವುದರೊಳಗೆ ಒಂದು ಪರೀಕ್ಷೆ ಆಗಬೇಕು. ಆ ವಾರವೇ ಅರಸೀಕೆರೆ ರೈಲು ಹತ್ತಿದೆ. ದಾರಿಯುದ್ದಕ್ಕೂ ಮಾತನ್ನು ಹೀಗೆ ಶುರುಮಾಡಲೇ ಹಾಗೆ ಶುರುಮಾಡಲೇ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಯಾವುದೂ ಸರಿ ಬರದೆ, ತಿಪಟೂರು ದಾಟಿದ ಮೇಲೆ ಸೀಟು ಬಿಟ್ಟು ಎದ್ದು ಬಾಗಿಲ ಹತ್ತಿರ ನಿಂತೆ.

ಅಣ್ಣ ಮಂಡಿಯಲ್ಲಿ ರಾಶಿಯ ಮುಂದೆ ಕೂತು ಒಂದೊಂದೇ ಒಣಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಉಂಡೆ ಬಿಟ್ಟುಕೊಂಡಿದ್ದರೆ ಲೊಟಲೊಟ ಎನ್ನುತ್ತದೆ. ಅವನ ಮಗ ಪಕ್ಕದಲ್ಲಿ ಚೀಲ ಹೊಲಿಸುತ್ತಿದ್ದ. ಇಪ್ಪತ್ತೆಂಟರ ಆಳು, ಒಳ್ಳೆ ಮೈಕಟ್ಟು. ನಾನು ಸುತ್ತಿಬಳಸದೆ ಹೇಳಿಬಿಟ್ಟೆ, ಹೂ ಮುಡಿಸುವ ಮೊದಲು ಇವನ ರಕ್ತ ಒಂದು ಸಲ ನೋಡಿಸೋಣ ಎಂದು.

ಅಣ್ಣ ಕಾಯಿ ಕೆಳಗಿಟ್ಟ. "ಒಡೀದೇ ಇರೋ ಕಾಯಿ ಒಳಗೇನೈತೆ ಅಂತ ಹೇಳೋನು ನಾನು. ನನ್ನ ಮಗನ್ನ ನೋಡಿದ್ರೆ ಗೊತ್ತಾಗಲ್ವಾ? ಕಲ್ಲುಗುಂಡು ಇದ್ದಂಗವ್ನೆ."

"ಹೊತ್ತಿರೋರಿಗೆ ಏನೂ ಆಗಲ್ಲ ಅಣ್ಣ. ನಾನೂ ಹೊತ್ತಿದೀನಿ. ನನಗೇನಾಗಿದೆ?"

"ನಿಂಗೇನೂ ಆಗ್ಲಿಲ್ಲ, ಮದುವೇನೂ ಆಗ್ಲಿಲ್ಲ," ಎಂದ. ಮಾತು ಆಡಿದ ಮೇಲೆ ತಾನೇ ಮುಖ ಸಣ್ಣ ಮಾಡಿಕೊಂಡ. ದನಿ ಇಳಿಸಿ ಮುಂದುವರಿಸಿದ. "ನೋಡು, ಹುಡುಗಿ ನೋಡೋಕೆ ಅಂತ ಬೇಲೂರು ಕಡೆಯಿಂದ ಬಂದ್ರು, ಅರೇಹಳ್ಳಿ ಕಡೆಯಿಂದ ಬಂದ್ರು. ಅಕ್ಕ ಗೋಡೆ ಹಿಡ್ಕಂಡು ಎದ್ದಿದ್ದು ನೋಡಿದ್ರು, ಕಾಫಿ ಕುಡಿದ್ರು, ಹೋದೋರು ಹೋದ್ರು. ನಾವಾದ್ರೆ ಗೊತ್ತಿದ್ದೂ ಗೊತ್ತಿದ್ದೂ ಮಾಡ್ಕೊತೀವಿ. ನಾಳೆ ಯಾರೂ ಆ ಹುಡುಗೀನ ಹಂಗಿಸಲ್ಲ. ಅಕ್ಕಂಗೆ ನಾನು ಅಷ್ಟೂ ಮಾಡಬಾರ್ದಾ?"

ಇದೇ ನನ್ನನ್ನು ಕೊಂದದ್ದು. ದುರಾಸೆಯಿಂದ ಕೇಳಿದ್ದರೆ ಜಗಳವಾಡಬಹುದಿತ್ತು. ಇದು ಪ್ರೀತಿ. ಖಾಯಿಲೆಯ ಮನೆಯ ಹುಡುಗಿಯನ್ನು ಹೊರಗಿನವರ ಬಾಯಿಗೆ ಹಾಕಬಾರದೆಂದು, ಆ ಖಾಯಿಲೆ ಹೊಂಚು ಹಾಕಿರಬಹುದಾದ ಒಂದೇ ಮನೆಗೆ ಅವಳನ್ನು ತರುತ್ತಿದ್ದಾರೆ. ನಮ್ಮ ಜನ ಮಾತ್ರ ಮಾಡಬಲ್ಲ ತಪ್ಪು. ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಹೇಳಬಾರದ್ದನ್ನು ಹೇಳಿಬಿಟ್ಟೆ.

"ಅಣ್ಣ, ಲ್ಯಾಬಲ್ಲಿ ನಮಗೆ ಖಾಯಿಲೆ ಇಲಿ ಬೇಕು ಅಂದ್ರೆ ಏನ್ ಮಾಡ್ತೀವಿ ಗೊತ್ತಾ? ಹೊರಗಿನ ಇಲಿ ಸೇರಿಸಲ್ಲ. ಒಂದೇ ಮನೆತನದಲ್ಲೇ ಜೋಡಿ ಮಾಡ್ತೀವಿ, ತಲೆಮಾರಿಂದ ತಲೆಮಾರಿಗೆ. ಖಾಯಿಲೆ ಕೈತಪ್ಪಬಾರದು ಅಂತ."

ಮಂಡಿಯಲ್ಲಿ ಚೀಲ ಹೊಲಿಯುವ ಸದ್ದು ಕೂಡ ನಿಂತಿತು. "ನಮ್ಮಪ್ಪ ಅಮ್ಮನ್ನ ಇಲಿ ಅಂದ್ಯಾ," ಎಂದ ಅಣ್ಣ, ಮೆಲ್ಲಗೆ. ಕೂಗಿದ್ದರೆ ಚೆನ್ನಾಗಿತ್ತು. ಎದ್ದು ಮಂಡಿಯ ಹಿಂದಿನ ಮನೆಯೊಳಗೆ ಹೋದ. ಅತ್ತಿಗೆ ಊಟಕ್ಕೆ ಕರೆದರೂ ನಿಲ್ಲದೆ ನಾನು ಹೊರಟುಬಂದೆ.

ಬಸ್ ಸ್ಟ್ಯಾಂಡಿನಲ್ಲಿ ಅಣ್ಣನ ಮಗ ಬೈಕು ತಂದು ನನ್ನ ಮುಂದೆ ನಿಲ್ಲಿಸಿದ. "ಅತ್ತೆ, ರಕ್ತ ಎಲ್ಲಿ ಕೊಡಬೇಕು ಹೇಳಿ. ಕೊಡ್ತೀನಿ."

"ಅಪ್ಪ?"

"ಅಪ್ಪಂಗೆ ನಾನು ಹೇಳ್ಕೋತೀನಿ. ಮಾದಿಹಳ್ಳಿಗೆ, ಅವಳಿಗೂ ಈಗ್ಲೇ ಫೋನ್ ಮಾಡಿದೆ. ಕೊಡು ಅಂದಳು." ಸ್ವಲ್ಪ ಹೊತ್ತು ಹೆಲ್ಮೆಟ್ ತಿರುಗಿಸುತ್ತ ನಿಂತ. "ತನ್ನ ಅಮ್ಮನಿಗೆ ಹತ್ತಿರ ಇರಬಹುದು ಅಂತ ಅವಳು ಒಪ್ಪಿರೋದು ಅತ್ತೆ. ನಾನೂ ಅದಕ್ಕೇ ಅಂದ್ರೆ ಸುಳ್ಳಾಗುತ್ತೆ," ಎಂದು ಕೆಳಗೆ ನೋಡಿ ನಕ್ಕ. ನಾನು ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟೆ.

ಹಾಸನಕ್ಕೆ ಹೋಗಿ ರಕ್ತ ಕೊಟ್ಟ. ಅಕ್ಕನ ಜೀನಿನ ವರದಿ ನನ್ನ ಹತ್ತಿರ ಇದ್ದದ್ದರಿಂದ ಎಲ್ಲಿ ನೋಡಬೇಕೆಂದು ತಿಳಿದಿತ್ತು. ನಮ್ಮ ಲ್ಯಾಬಿನಲ್ಲಿ ಮನುಷ್ಯರ ಪರೀಕ್ಷೆ ಮಾಡುವಂತಿಲ್ಲ, ಹೊರಗೆ ಕಳಿಸಿ ಕಾಯಬೇಕು. ಕಾಯುವುದೆಂದರೆ ನನಗೆ ಮೈಯೆಲ್ಲ ತುರಿಕೆ. ಜೆಲ್ ಎರಡು ಸಲ ಕೆಡಿಸಿದೆ. ರಸ್ತೆಯಲ್ಲಿ ಹೋಗುವವರ ಹಿಮ್ಮಡಿ ನೋಡತೊಡಗಿದೆ, ಯಾರು ಏಳಿಸುತ್ತಾರೆ, ಯಾರು ಎಳೆಯುತ್ತಾರೆ ಎಂದು. ಒಂದು ಕೆಟ್ಟ, ಒಂದು ಒಳ್ಳೆಯ ಜೀನ್ ಇರುವ ಇಲಿಗಳ ಗೆರೆ ಅರ್ಧ ಮಾಸಲು ಬರುತ್ತದೆ. ಇಲ್ಲ ಎನ್ನುವಂತಿಲ್ಲ, ಪೂರ್ತಿ ಇದೆ ಎನ್ನುವಂತೆಯೂ ಇಲ್ಲ. ಆ ಇಲಿ ಮಾತ್ರ ಯಾವ ಚಿಂತೆಯೂ ಇಲ್ಲದೆ ತಿಂದುಂಡು ಸುಖವಾಗಿರುತ್ತದೆ. ನಾನು ಅದನ್ನು ನೋಡುತ್ತ, ಬರದಿರಲಿ ದೇವರೇ, ಅವನಿಗೆ ಮಾತ್ರ ಬರದಿರಲಿ ಎನ್ನುತ್ತಿದ್ದೆ. ಬಂದುಬಿಟ್ಟಿದೆಯೋ ಇಲ್ಲವೋ ಎನ್ನುವುದು ಅವನು ಹುಟ್ಟುವ ಮೊದಲೇ ತೀರ್ಮಾನವಾಗಿದೆ, ಈಗ ಹರಕೆ ಹೊತ್ತು ಏನು ಪ್ರಯೋಜನ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಹೊತ್ತೆ.

ಬಂದಿತ್ತು. ಅವನಿಗೂ ಒಂದು ಬಂದಿತ್ತು.

ಅವನಿಗೆ ಫೋನಿನಲ್ಲಿ ಹೇಳಿದೆ. "ಮಕ್ಕಳೇ ಬೇಡ ಅಂತ ಇದ್ದುಬಿಟ್ರೆ?" ಎಂದ. ಅದೂ ಒಂದು ದಾರಿ, ಬಸಿರಾದಾಗ ಪರೀಕ್ಷೆ ಮಾಡುವುದು ಇನ್ನೊಂದು ದಾರಿ ಎಂದು ಬಿಡಿಸಿ ಹೇಳಿದೆ. "ದೊಡ್ಡತ್ತೆಗೆ ನೀವೇ ಹೇಳಿ ಅತ್ತೆ. ಅವರ ಮುಖ ನೋಡಿ ಹೇಳಕ್ಕೆ ನನ್ನ ಕೈಲಿ ಆಗಲ್ಲ." ನನ್ನ ಕೈಲಿ ಆಗುತ್ತದೆಂದು ಇವನಿಗೆ ಯಾರು ಹೇಳಿದರೋ.

ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇದ್ದವು. ಅರಸೀಕೆರೆಯಲ್ಲಿ ಇಳಿದು, ಅಣ್ಣನ ಮನೆಗೆ ಹೋಗದೆ ನೇರ ಬಸ್ ಹಿಡಿದೆ. ಜಾವಗಲ್ ಬಂತು, ಹೋಯಿತು. ಹಳೇಬೀಡಿನಲ್ಲಿ ಬಸ್ ಬದಲಿಸುವಾಗ ಹಿಂದಕ್ಕೆ ಹೋಗುವ ಬಸ್ಸೂ ಎದುರಿಗೇ ನಿಂತಿತ್ತು. ಹತ್ತಿಬಿಡೋಣ ಎನಿಸಿದ್ದು ನಿಜ. ಮಾದಿಹಳ್ಳಿಯಲ್ಲಿ ಇಳಿದು ಅಕ್ಕನ ಮನೆಯ ತನಕ ಬಿರಬಿರನೆ ನಡೆದೆ.

ಅಕ್ಕ ಹಜಾರದಲ್ಲಿ, ಒಂದರ ಮೇಲೊಂದು ಇಟ್ಟ ಎರಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಕುರ್ಚಿ ಎತ್ತರವಿದ್ದರೆ ಏಳುವುದು ಅವಳಿಗೆ ಸುಲಭ. ಮುಂದೆ ಸ್ಟೂಲಿನ ಮೇಲೆ ನೆನೆಸಿದ ಅವರೆಕಾಳಿನ ಪಾತ್ರೆ. ಒಂದೊಂದೇ ಕಾಳು ಹಿತಕಿ ಸಿಪ್ಪೆಯಿಂದ ಬೇಳೆ ಹಾರಿಸುತ್ತಿದ್ದಳು. ಬೆರಳುಗಳು ಮಾತ್ರ ಅವಳಿಗೆ ಇನ್ನೂ ನೆಟ್ಟಗಿವೆ. ಭಾವ ಡೈರಿಗೆ ಹಾಲು ಹಾಕಲು ಹೋಗಿದ್ದರು, ಮಗಳು ಕೆಲಸದಿಂದ ಬಂದಿರಲಿಲ್ಲ. ನಾನೂ ಕೂತು ನಾಲ್ಕು ಕಾಳು ಹಿತಕಿದೆ, ಎದ್ದೆ, ಕಿಟಕಿ ತೆರೆದೆ, ಮುಚ್ಚಿದೆ.

"ಏನೇ ಅದು, ಬಾಲ ಸುಟ್ಟ ಬೆಕ್ಕಿನಂಗೆ ಆಡ್ತಿದೀಯ," ಎಂದಳು. "ಕೂತ್ಕಂಡು ಹೇಳು. ನಿನ್ನ ಅಣ್ಣ ಅನ್ನಿಸ್ಕೊಂಡೋನು ವಾರದಿಂದ ಫೋನ್ ಎತ್ತುತಿಲ್ಲ ಅಂತ ನಾನೂ ನೋಡ್ತಾ ಇದೀನಿ."

"ನಿನಗೂ ತಮ್ಮ ಅಲ್ವಾ?"

"ಆಯ್ತು, ನನ್ನ ತಮ್ಮ. ಹೇಳು."

ಹೇಳಿದೆ. ಎಲ್ಲವನ್ನೂ. ಅಪ್ಪ ಅಮ್ಮ ಹೊತ್ತದ್ದು, ಅವಳಿಗೆ ಎರಡೂ ಬಂದದ್ದು, ಮಗಳಿಗೆ ಒಂದು ಇರಲೇಬೇಕಾದದ್ದು, ಈಗ ಅವನಿಗೂ ಒಂದು ಸಿಕ್ಕಿದ್ದು. ಅಕ್ಕ ಕಾಳು ಹಿತಕುತ್ತಲೇ ಕೇಳಿದಳು.

"ನಾಲ್ಕರಲ್ಲಿ ಒಂದು ಅಂದ್ರೆ, ಅದೃಷ್ಟ ಇದ್ರೆ ಒಂದೂ ಇಲ್ದೇನೂ ಇರಬೋದು?"

"ಇರಬಹುದು."

"ಮಕ್ಕಳೇ ಬ್ಯಾಡ ಅಂದ್ರೆ ಊರೋರು ಅವಳನ್ನೇ ಬಂಜೆ ಅಂತಾರೆ. ಅವನ್ನ ಯಾರೂ ಕೇಳಲ್ಲ."

"ಹ್ಞೂಂ. ಆದ್ರೆ ಬಸಿರಾದಾಗ ಪರೀಕ್ಷೆ ಮಾಡಬಹುದು ಅಕ್ಕ. ಮೊದಲ ತಿಂಗಳುಗಳಲ್ಲೇ ಗೊತ್ತಾಗುತ್ತೆ."

"ಗೊತ್ತಾದ್ರೆ?"

ನಾನು ಪಾತ್ರೆಯಿಂದ ಇನ್ನೊಂದು ಕಾಳು ಎತ್ತಿಕೊಂಡು ಹಿತಕಿದೆ.

"ಗೊತ್ತಾದ್ರೆ ಏನ್ ಮಾಡ್ತಾರೆ ಅಂತ ಕೇಳ್ದೆ."

"ಬೇಡ ಅಂದ್ರೆ, ತೆಗೆಸಬಹುದು."

ಅಕ್ಕನ ಕೈ ನಿಂತಿತು. "ನನ್ನಂಗಿದ್ರೆ ತೆಗೆಸೋದು."

"ಹಾಗಲ್ಲ ಅಕ್ಕ."

"ಹಂಗೇ ಕಣೇ. ಇನ್ನೆಂಗೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಸರಿಯಾಗಿದೆಯೇ ಎಂದು ಕೇಳುವವಳ ಹಾಗೆ ಕೇಳಿದಳು. "ಆವಾಗ ಯಾರಾದ್ರೂ ಅಮ್ಮಂಗೆ ಹಿಂಗೆ ನೋಡಿ ಹೇಳಿದ್ದಿದ್ರೆ, ನನ್ನ ಬ್ಯಾಡ ಅಂತಿದ್ಲಾ?"

ಇಷ್ಟು ವರ್ಷ ಅವಳ ಕಾಲಿಗೆಂದೇ ಇಲಿಗಳ ಮಾಂಸ ಅರೆದಿದ್ದೇನೆ. ಯಾವ ಪ್ರೋಟೀನ್ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಸಭೆಗಳಲ್ಲಿ ನಿಂತು ಹೇಳಿದ್ದೇನೆ, ಯಾರು ಏನು ಕೇಳಿದರೂ ತಡವರಿಸಿಲ್ಲ. ಅಕ್ಕನಿಗೆ ಮಾತ್ರ, "ನನಗೆ ಜಡೆ ಯಾರು ಹಾಕ್ತಿದ್ರು?" ಎಂದುಬಿಟ್ಟೆ, ನಲವತ್ತರ ಹತ್ತಿರದ ಹೆಂಗಸು.

ಅಕ್ಕ ನಕ್ಕಳು. "ಜಡೆ ಹಾಕಕ್ಕೆ ಒಬ್ಬಳು ಬೇಕಿತ್ತು ಅಂತ ಹುಟ್ಟಿಸ್ದ್ರು ಅನ್ನು." ನಗುತ್ತಲೇ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ಕಿವಿಗೆ ಹಿಡಿದು ತೋಳು ಎತ್ತಿಟ್ಟುಕೊಳ್ಳುವುದು ಈಗ ಅವಳಿಗೆ ಕಷ್ಟ, ಆದ್ದರಿಂದ ಸ್ಪೀಕರ್ ಹಾಕಿ ಸ್ಟೂಲಿನ ಮೇಲಿಟ್ಟಳು. ಈ ಸಲ ಅಣ್ಣ ಎತ್ತಿದ.

"ಮಾತಾಡ್ಬ್ಯಾಡ, ಕೇಳು," ಎಂದಳು. "ನಾವು ಹುಡುಗಿ ಕೊಡಲ್ಲ ಕಣೋ. ಊರಲ್ಲಿ ಯಾರಾದ್ರೂ ಕೇಳಿದ್ರೆ ಹುಡುಗಿ ಕಡೆಯೋರೇ ಒಪ್ಪಲಿಲ್ಲ ಅನ್ನು, ನೀನು ಬಿಟ್ಟೆ ಅನ್ನಬ್ಯಾಡ. ಹೂಂ, ಇಲ್ಲೇ ಕೂತವ್ಳೆ. ಅವಳು ಹೇಳಿದ್ದಕ್ಕಲ್ಲ. ನನಗೇ ಬ್ಯಾಡ."

"ಅಕ್ಕ, ಪರೀಕ್ಷೆ ಗಿರೀಕ್ಷೆ ಮಾಡಿಸ್ಕಂಡು ಏನಾರ ಮಾಡಬೋದಂತೆ. ಹುಡುಗ ಹೇಳ್ತಿದ್ದ," ಎಂದ ಅಣ್ಣ. ದನಿ ಬಹಳ ಸೋತಿತ್ತು.

"ಮಾಡಬೋದು. ನನ್ನ ಮಗಳು ಹೊಟ್ಟೇಲಿ ಕೂಸು ಇಟ್ಕಂಡು ಡಾಕ್ಟರ ಮುಂದೆ ಕೂತು, ನಮ್ಮಮ್ಮನಂಗಿದ್ರೆ ಬ್ಯಾಡ ಅಂತ ಹೇಳಬೇಕಾಯ್ತದೆ. ಆ ಮಾತು ಅವಳ ಬಾಯಲ್ಲಿ ಬರಬಾರ್ದು ಕಣೋ. ಹೊರಗೆ ನೋಡಾಣ. ನನ್ನ ನೋಡಿ ವಾಪಸ್ ಹೋಗೋರು ಹೋಗ್ಲಿ. ಹೋಗದೇ ಇರೋನೂ ಒಬ್ಬ ಎಲ್ಲೋ ಇರ್ತಾನೆ."

ಫೋನ್ ಕಡಿದುಹೋಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಕಡಿದಿರಲಿಲ್ಲ. ಅಣ್ಣ ಕೆಮ್ಮಿದ.

"ಅಕ್ಕ, ಊಟ ಆಯ್ತಾ?"

"ಇಲ್ಲ ಕಣೋ. ಹಿತಕಿದ ಬೇಳೆ ಸಾರು ಮಾಡಾಣ ಅಂತ," ಎಂದಳು ಅಕ್ಕ. ಫೋನ್ ಆರಿಸಲು ಬೆರಳು ಚಾಚಿದಳು, ಗುರಿ ತಪ್ಪಿತು, ನಾನೇ ಆರಿಸಿದೆ. ಆಮೇಲೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಖಾಯಿಲೆಯ ಹೆಸರು ಹೇಳಿದ ದಿನವೂ ಅಳದವಳು. ನಾನು ಎಬ್ಬಿಸಲು ಅವಳ ಕಂಕುಳಿಗೆ ಕೈ ಕೊಟ್ಟೆ.

"ಈಗ ಬ್ಯಾಡ," ಎಂದಳು. "ನೀನೂ ಕೂತ್ಕೊ."